ಒಂಬತ್ತು ತಿಂಗಳು ನಿಂತ ಎಸಿಯನ್ನು ಬೇಸಿಗೆಗೆ ಸಜ್ಜುಮಾಡುವುದು: ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಎಸಿ ಮೆಕ್ಯಾನಿಕ್‌ಗಳಿಗೆ ಬರುವ ದೂರು ಮೂರೇ. ಹಾಕಿದ ಕೂಡಲೇ ಮುಗ್ಗಲು ವಾಸನೆ, ಗೋಡೆ ಮೇಲೆ ನೀರು, ಇಲ್ಲವೇ ರೂಮು ತಣ್ಣಗೇ ಆಗುತ್ತಿಲ್ಲ. ಮೂರಕ್ಕೂ ಸಿಗುವ ಉತ್ತರ ಬಹಳ ಸಲ ಒಂದೇ: "ಗ್ಯಾಸ್ ಹೋಗಿದೆ, ತುಂಬಿಸಬೇಕು." ದುಡ್ಡು ಕೊಟ್ಟು ತುಂಬಿಸಿದ ಮೇಲೂ ವಾಸನೆ ಹೋಗುವುದಿಲ್ಲ, ನೀರು ನಿಲ್ಲುವುದಿಲ್ಲ. ಮುಂದಿನ ವರ್ಷ ಮತ್ತದೇ.

ನಮ್ಮ ಕಡೆ ಎಸಿ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಓಡಿ, ಜೂನ್‌ನಿಂದ ಫೆಬ್ರವರಿವರೆಗೆ ಸುಮ್ಮನೆ ಗೋಡೆಯಲ್ಲಿ ಕೂರುತ್ತದೆ. ಆ ನಡುವೆ ಮಲೆನಾಡಿನ ಮಳೆ, ಶೀತ, ಬೂಷ್ಟು, ಇರುವೆ, ಇಲಿ, ಹಲ್ಲಿ ಎಲ್ಲವೂ ಒಳಗೆ ಸೇರಿಕೊಳ್ಳುತ್ತವೆ. ಹಾಗಾಗಿ ಮೊದಲು ನೋಡಬೇಕಾದ್ದು ಕರೆಂಟು, ಆಮೇಲೆ ಕೊಳೆ, ಆಮೇಲೆ ನೀರು ಹೋಗುವ ದಾರಿ. ಗ್ಯಾಸ್, ಅಂದರೆ ಕೊಳವೆಯೊಳಗೆ ಸುತ್ತಿ ತಂಪು ಮಾಡುವ ವಸ್ತು, ಕಟ್ಟಕಡೆಯದು. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ.

ಇಲ್ಲಿ ಹೇಳಿರುವುದು ಮನೆಗಳಲ್ಲಿರುವ 1 ಮತ್ತು 1.5 ಟನ್‌ನ ಗೋಡೆ ಸ್ಪ್ಲಿಟ್ ಎಸಿಗಳಿಗೆ. ಹೋಮ್‌ಸ್ಟೇ, ಕಲ್ಯಾಣ ಮಂಟಪಗಳ ಚಾವಣಿ ಕ್ಯಾಸೆಟ್ ಯೂನಿಟ್‌ಗಳನ್ನು ನೀವೇ ಬಿಚ್ಚಲು ಹೋಗಬೇಡಿ. ಅವುಗಳ ಟ್ರೇ ಇಳಿಸಲು ಇಬ್ಬರು ಬೇಕು, ಒಳಗೆ ನೀರೆತ್ತುವ ಪಂಪ್ ಬೇರೆ ಇರುತ್ತದೆ.

ಯಾವಾಗ ಶುರು ಮಾಡಬೇಕು

ಫೆಬ್ರವರಿ ಕೊನೆಯ ವಾರ ಸರಿಯಾದ ಹೊತ್ತು. ಗಾಳಿ ಒಣಗಿರುತ್ತದೆ, ತೊಳೆದದ್ದು ಬೇಗ ಆರುತ್ತದೆ, ಮೆಕ್ಯಾನಿಕ್‌ಗಳಿಗೂ ಬಿಡುವಿರುತ್ತದೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಗುಡುಗು ಸಿಡಿಲಿನೊಂದಿಗೆ ಬರುವ ಮೊದಲೇ ವೈರಿಂಗ್, ಅರ್ಥಿಂಗ್ ನೋಡಿ ಮುಗಿಸಿರಬೇಕು. ಸೆಖೆ ತಡೆಯಲಾಗದೆ ಒಂದು ರಾತ್ರಿ ಸೀದಾ ರಿಮೋಟ್ ಒತ್ತಿಬಿಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು.

ಬೇಕಾದ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಗಟ್ಟಿ ಏಣಿ, 2 ಇಂಚಿನ ಮೆತ್ತನೆ ಪೇಂಟ್ ಬ್ರಷ್, ಹಳೆಯ ಟೂತ್‌ಬ್ರಷ್, ಎರಡು ಬಕೆಟ್, ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಎಸಿ ತೊಳೆಯಲೆಂದೇ ಸಿಗುವ ಚೀಲ, ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್, 5 ಲೀಟರಿನ ಕೈಪಂಪ್ ಸ್ಪ್ರೇಯರ್, ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್. ಮಲ್ಟಿಮೀಟರ್ ಹಿಡಿದು ಅಭ್ಯಾಸವಿದ್ದರೆ ಅದೂ ಇರಲಿ. ಇಲ್ಲದಿದ್ದರೆ ಮೊದಲ ಹಂತದ ಅಳತೆಗಳನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಸ್ಪ್ರೇಯರ್ ವಿಷಯದಲ್ಲಿ ತೋಟದ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ಸ್ಪ್ರೇಯರನ್ನು ಎಷ್ಟೇ ತೊಳೆದಿದ್ದರೂ ಎಸಿಗೆ ತರಬೇಡಿ. ಟ್ಯಾಂಕಿನ ಮೂಲೆಯಲ್ಲಿ, ನಾಜಲ್‌ನಲ್ಲಿ ಉಳಿದ ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಫಿನ್‌ಗಳ (ಕೊಳವೆಗಳ ಸುತ್ತಲಿನ ತೆಳು ಹಾಳೆಗಳ) ಮೇಲೆ ಕೂತು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ಕೀಟನಾಶಕ ಹೊಡೆದದ್ದಾದರೆ ಆ ಗಾಳಿಯನ್ನು ಮಲಗುವ ಕೋಣೆಯಲ್ಲಿ ಉಸಿರಾಡುವವರು ನೀವೇ. ಹೊಸದೊಂದನ್ನು ಕೊಂಡು ಎಸಿಗೆ ಮಾತ್ರ ಇಟ್ಟುಕೊಳ್ಳಿ.

ಹಂತ 1: ಕರೆಂಟು ಮತ್ತು ಅರ್ಥಿಂಗ್

1. ಎಸಿಯ ಎಂಸಿಬಿ (ಬೋರ್ಡಿನಲ್ಲಿರುವ, ಹೆಚ್ಚು ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ. ರಿಮೋಟ್‌ನಲ್ಲಿ ಆಫ್ ಮಾಡುವುದು ಲೆಕ್ಕಕ್ಕಿಲ್ಲ, ಆಗಲೂ ಬೋರ್ಡಿಗೆ ಕರೆಂಟು ಇದ್ದೇ ಇರುತ್ತದೆ. ಇಳಿಸಿದ ಮೇಲೆ 10 ನಿಮಿಷ ಏನನ್ನೂ ಮುಟ್ಟಬೇಡಿ. ಇನ್ವರ್ಟರ್ ಎಸಿಯ (ಕಂಪ್ರೆಸರ್ ವೇಗ ಬದಲಾಗುವ ಮಾದರಿಯ) ಹೊರಗಿನ ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ಡಿ.ಸಿ. ಉಳಿದಿರುತ್ತದೆ.

2. ಪ್ಲಗ್ ಇದ್ದರೆ ಕಿತ್ತು ಪಿನ್‌ಗಳನ್ನು ನೋಡಿ. ಪಿನ್ ಸುತ್ತ ಕಂದು ಬಣ್ಣ, ಕರಗಿದ ಪ್ಲಾಸ್ಟಿಕ್, ಸುಟ್ಟ ವಾಸನೆ ಇದ್ದರೆ ಪ್ಲಗ್ಗೂ ಸಾಕೆಟ್ಟೂ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಸಡಿಲವಾದದ್ದು ಹೊಸದನ್ನೂ ಸುಡುತ್ತದೆ.

3. 1.5 ಟನ್‌ಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವೈರ್ ಮತ್ತು 20 ಆಂಪಿಯರ್‌ನ ಸಿ ಮಾದರಿ ಎಂಸಿಬಿ ಇರಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಗೀಸರಿಗೆ ಎಳೆದ ಲೈನಿನಿಂದಲೇ ಎಸಿಗೂ ಕೊಟ್ಟಿರುವುದು ಸಾಮಾನ್ಯ. ಎರಡೂ ಒಟ್ಟಿಗೆ ಓಡಿದರೆ ಜಾಯಿಂಟ್ ಕಾಯುತ್ತದೆ, ಮರದ ಕೇಸಿಂಗ್ ಇರುವ ಮನೆಯಲ್ಲಿ ಅದು ಬೆಂಕಿಗೆ ದಾರಿ.

4. ವೋಲ್ಟೇಜ್ ಅಳೆಯುವುದು ಸಂಜೆ 7ರಿಂದ 9ರ ನಡುವೆ, ಮತ್ತು ತೋಟದ ಮೋಟಾರುಗಳು ಓಡುವ ಹೊತ್ತಿನಲ್ಲಿ. ಮಧ್ಯಾಹ್ನ 230 ತೋರಿಸುವ ಲೈನು ಸ್ಪ್ರಿಂಕ್ಲರ್ ಪಂಪುಗಳು ಶುರುವಾದಾಗ ಬಹಳ ಕೆಳಗೆ ಬೀಳಬಹುದು. ನಿಮ್ಮ ಎಸಿ ತಡೆಯುವ ಕನಿಷ್ಠ, ಗರಿಷ್ಠ ವೋಲ್ಟೇಜ್ ಅದರ ಕೈಪಿಡಿಯಲ್ಲಿದೆ. ಅಳತೆ ಆ ಮಿತಿಯ ಹೊರಗೆ ಹೋದರೆ 1.5 ಟನ್‌ಗೆ 4 ಕೆವಿಎ ಸ್ಟೆಬಿಲೈಸರ್ ಹಾಕಿ. ಒಂದು ರೂಮಿನ ಬಲ್ಬು ಮಂಕಾದಾಗ ಇನ್ನೊಂದು ರೂಮಿನದು ಉರಿದುಬೀಳುವಂತೆ ಹೊಳೆದರೆ ಅದು ನ್ಯೂಟ್ರಲ್ ಸಡಿಲವಾದ ಗುರುತು. ಆಗ ಎಸಿ ಹಾಕಲೇಬೇಡಿ. ವಿದ್ಯುತ್ ಕಂಪನಿಗೆ, ಅಂದರೆ ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ, 1912ರಲ್ಲಿ ದೂರು ಕೊಡಿ.

5. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ 2–3 ವೋಲ್ಟ್ ಒಳಗಿದ್ದರೆ ಸರಿ. 5 ದಾಟಿದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದಷ್ಟೂ ಅರ್ಥಿಂಗ್ ಕೈಕೊಡುತ್ತದೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ.

ಸ್ಟೆಬಿಲೈಸರ್ ಇದೆ, ಇನ್ನು ಸಿಡಿಲಿಗೆ ಹೆದರಬೇಕಿಲ್ಲ ಎಂಬ ನಂಬಿಕೆ ಮಲೆನಾಡಿನಲ್ಲಿ ಬಹಳ ಬೋರ್ಡುಗಳನ್ನು ಸುಟ್ಟಿದೆ. ಸ್ಟೆಬಿಲೈಸರ್ ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸರಿಮಾಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬಂದುಹೋಗುವ ಸಿಡಿಲಿನ ಏಟನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಬೇಕು. ಅರ್ಥಿಂಗ್ ಚೆನ್ನಾಗಿಲ್ಲದಿದ್ದರೆ ಅದೂ ಕೆಲಸಕ್ಕೆ ಬಾರದು.

ಹಂತ 2: ಹೊರಗಿನ ಯೂನಿಟ್

ಎಂಸಿಬಿ ಇಳಿದೇ ಇರಲಿ. ಏಣಿ ಒರಗಿಸುವ ಮೊದಲು ಗೋಡೆಯ ಕಬ್ಬಿಣದ ಸ್ಟ್ಯಾಂಡ್ ನೋಡಿ. ನಾಲ್ಕು ತಿಂಗಳ ಎಡೆಬಿಡದ ಮಳೆಗೆ ಬೋಲ್ಟ್ ತಲೆಗಳು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತವೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಪೇಂಟ್ ಮಾಡದ ಸ್ಟ್ಯಾಂಡ್ ಬೇಗ ಸೋಲುತ್ತದೆ. 30 ಕಿಲೋ ಸುಮಾರಿನ ಯೂನಿಟ್ ಅದರ ಮೇಲಿದೆ. ಅಲುಗಾಡಿದರೆ ಅಲ್ಲಿಗೇ ನಿಲ್ಲಿಸಿ, ಸ್ಟ್ಯಾಂಡ್ ಬದಲಿಸಿದ ಮೇಲಷ್ಟೇ ಮುಂದಿನ ಕೆಲಸ.

1. ಫ್ಯಾನ್ ಜಾಲರಿಯೊಳಗೆ ಟಾರ್ಚ್ ಬಿಡಿ. ಮೊದಲು ನೋಡಬೇಕಾದ್ದು ಕಡಜದ ಗೂಡು. ಇದ್ದರೆ ಹಗಲು ಕೈಹಾಕಬೇಡಿ. ಆಮೇಲೆ ಇಲಿ ತಂದಿಟ್ಟ ನಾರು, ಕಾಗದ, ಅಡಿಕೆ ಸಿಪ್ಪೆ. ಇಲಿಗೂಡು ಕಂಡರೆ ಪಕ್ಕದ ಮುಚ್ಚಳ ಬಿಚ್ಚಿಸಿ ವೈರ್‌ಗಳನ್ನು ಉದ್ದಕ್ಕೂ ನೋಡಿಸದೆ ಎಸಿ ಹಾಕಬಾರದು. ಕಚ್ಚಿದ ವೈರಿನ ತಾಮ್ರ ಬಾಡಿಗೆ ತಾಗಿದರೆ ಇಡೀ ಯೂನಿಟ್‌ಗೆ ಕರೆಂಟು ಹರಿಯುತ್ತದೆ.

2. ಎಲೆಕ್ಟ್ರಿಕ್ ಬಾಕ್ಸ್ ತೆಗೆದಾಗ ಇರುವೆ ಮಣ್ಣು, ಹಲ್ಲಿ ಮೊಟ್ಟೆ, ಒಣಗಿದ ಹಲ್ಲಿ ಸಿಕ್ಕರೆ ಒಣ ಬ್ರಷ್‌ನಿಂದ ಮಾತ್ರ ತೆಗೆಯಿರಿ. ಇರುವೆಪುಡಿ, ಫಿನೈಲ್, ಡಬ್ಲ್ಯೂಡಿ-40 ಯಾವುದನ್ನೂ ಬೋರ್ಡಿನ ಮೇಲೆ ಹಾಕಬೇಡಿ. ಇನ್ವರ್ಟರ್ ಅಲ್ಲದ ಹಳೆಯ ಮಾದರಿಗಳಲ್ಲಿ ಡಬ್ಬಿಯಂಥ ಕೆಪಾಸಿಟರಿನ ತಲೆ ಉಬ್ಬಿದ್ದರೆ ಬದಲಿಸಬೇಕು. ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುತ್ತದೆ ಎನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಇದನ್ನು ಮೆಕ್ಯಾನಿಕ್ ಮಾಡಲಿ, ಅದರಲ್ಲಿ ಕರೆಂಟು ಉಳಿದಿರುತ್ತದೆ.

3. ಹಿಂಬದಿಯ ಫಿನ್‌ಗಳಲ್ಲಿ ಸಿಕ್ಕಿಕೊಂಡ ಕಸ ತೆಗೆಯಿರಿ. ತೋಟದ ಮನೆಯಲ್ಲಿ ಫೆಬ್ರವರಿಯ ಹೊತ್ತಿಗೆ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಅಥವಾ ಹಲ್ಲರ್ ಹತ್ತಿರವಿರುವ ಮನೆಗಳಲ್ಲಿ ಹೊಟ್ಟಿನ ಸಣ್ಣ ಪುಡಿ ಫಿನ್‌ಗಳ ನಡುವೆ ಕಂಬಳಿಯ ಹಾಗೆ ಮೆತ್ತಿಕೊಳ್ಳುತ್ತದೆ. ಒಣಗಿದ್ದಾಗಲೇ ಬ್ರಷ್‌ನಿಂದ, ಫಿನ್ ಇರುವ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ ಎಳೆದು ಬೀಳಿಸಿ. ಮೊದಲೇ ನೀರು ಬಿಟ್ಟರೆ ಹೊಟ್ಟು ಅಂಟಾಗಿ ಒಳಕ್ಕಿಳಿಯುತ್ತದೆ.

4. ಆಮೇಲೆ ನೀರು. ಕಾರು ತೊಳೆಯುವ ಪ್ರೆಶರ್ ಪಂಪ್ ಬೇಡವೇ ಬೇಡ, ಫಿನ್ ಮಡಚಿಹೋಗುತ್ತದೆ. ತೋಟದ ಪೈಪಿನ ಸಾಧಾರಣ ಧಾರೆ ಸಾಕು. ಸಾಧ್ಯವಿದ್ದರೆ ಒಳಗಿನಿಂದ ಹೊರಕ್ಕೆ ಹೊಡೆಯಿರಿ, ಕೊಳೆ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಎಲೆಕ್ಟ್ರಿಕ್ ಬಾಕ್ಸ್ ಕಡೆಗೆ ಧಾರೆ ತಿರುಗಬಾರದು.

5. ತಾಮ್ರದ ಪೈಪುಗಳ ಕಪ್ಪು ಸ್ಪಂಜು ಹರಿದಿದ್ದರೆ ಹೊಸದು ಸುತ್ತಿ ಟೇಪ್ ಹಾಕಿ. ಗೋಡೆಯ ತೂತಿನ ಹೊರಬದಿ ಒಳಬದಿಗಿಂತ ಕೆಳಗಿರಬೇಕು, ಪೈಪು ಗೋಡೆಗೆ ಸೇರುವ ಮೊದಲು ಒಂದು ಬಾಗು ಕೆಳಗಿಳಿದಿರಬೇಕು. ಇಲ್ಲದಿದ್ದರೆ ಮಳೆನೀರು ಪೈಪು ಹಿಡಿದುಕೊಂಡೇ ಒಳಗೆ ಬರುತ್ತದೆ. ಜುಲೈನಲ್ಲಿ ಎಸಿ ಹಾಕದೆಯೇ ಅದರ ಕೆಳಗಿನ ಗೋಡೆ ಒದ್ದೆಯಾಗಿದ್ದರೆ ಕಾರಣ ಇದೇ. ತೂತಿನ ಸಂದಿಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ ಮೇಲೆ ಪುಟ್ಟಿ ಹಚ್ಚಿ. ಬರೀ ಥರ್ಮಾಕೋಲ್ ಅಥವಾ ಫೋಮ್ ಇಟ್ಟರೆ ಇಲಿ ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ.

ಹಂತ 3: ಫಿಲ್ಟರ್

ಮುಂದಿನ ಮುಚ್ಚಳ ಎತ್ತಿ ಎರಡೂ ಜಾಲರಿ ತೆಗೆಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಚೌಕಟ್ಟು ಸೊಟ್ಟಗಾಗಿ ಸಂದಿಯಿಂದ ಧೂಳು ನುಗ್ಗುತ್ತದೆ. ಎಸಿ ದಿನಾ ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಇಷ್ಟು ಮಾಡಬೇಕು.

ಹಂತ 4: ಒಳಗಿನ ಕಾಯಿಲ್ ಮತ್ತು ಬ್ಲೋವರ್

ಗಾಳಿಯನ್ನು ತಂಪು ಮಾಡುವ ಕೊಳವೆ, ಫಿನ್‌ಗಳ ಜಾಲವೇ ಕಾಯಿಲ್. ಮುಗ್ಗಲು ವಾಸನೆ ಹುಟ್ಟುವುದು ಇಲ್ಲಿ. ಮೇ ಕೊನೆಯಲ್ಲಿ ಒದ್ದೆ ಕಾಯಿಲನ್ನು ಹಾಗೇ ಆಫ್ ಮಾಡಿ ಬಿಟ್ಟದ್ದರ ಮೇಲೆ ಮಳೆಗಾಲದ ತೇವ ಸೇರಿ ಬೂಷ್ಟು ಬೆಳೆದಿರುತ್ತದೆ. ಜನ ಫಿಲ್ಟರ್ ತೊಳೆದು ಸರ್ವೀಸ್ ಆಯಿತು ಅಂದುಕೊಳ್ಳುತ್ತಾರೆ. ಗಾಳಿ ಬರುವ ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿ: ಸಿಲಿಂಡರಿನಂತೆ ಉದ್ದಕ್ಕಿರುವ ಬ್ಲೋವರಿನ ಎಲೆ ಎಲೆಗೂ ಕಪ್ಪು ಮಡ್ಡಿ ಮೆತ್ತಿರುತ್ತದೆ. ರೂಮಿಗೆ ಬರುವ ಗಾಳಿಯೆಲ್ಲ ಅದರ ಮೇಲೆ ಹಾದೇ ಬರಬೇಕು.

1. ಕೆಳಗಿನ ಮಂಚ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ಬಲಗಡೆ, ಕೆಲವು ಮಾದರಿಗಳಲ್ಲಿ ಎಡಗಡೆ, ಇರುವ ಬೋರ್ಡು ಮತ್ತು ಮೋಟಾರನ್ನು ಪ್ಲಾಸ್ಟಿಕ್ಕಿನಿಂದ ಎರಡು ಸುತ್ತು ಮುಚ್ಚಿ ಟೇಪ್ ಅಂಟಿಸಿ. ತೊಳೆಯುವ ಚೀಲ ಕಟ್ಟಿ ಅದರ ಬಾಯಿ ಬಕೆಟ್‌ಗೆ ಬಿಡಿ.

2. ಒಣ ಬ್ರಷ್‌ನಿಂದ ಕಾಯಿಲ್ ಮೇಲಿನ ಧೂಳನ್ನು ಫಿನ್ ದಿಕ್ಕಿನಲ್ಲೇ ಇಳಿಸಿ.

3. 5 ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ಲಿಕ್ವಿಡ್ ಬೆರೆಸಿ ಕಾಯಿಲ್ ಪೂರ್ತಿ ತೋಯುವಂತೆ ಸಿಂಪಡಿಸಿ 10 ನಿಮಿಷ ಬಿಡಿ. ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪುಡಿ, ವಾಷಿಂಗ್ ಸೋಡಾ ಮೂರೂ ನಿಷಿದ್ಧ. ಅವು ಕ್ಷಣದಲ್ಲಿ ಫಳಫಳ ಹೊಳೆಯಿಸುತ್ತವೆ, ಏಕೆಂದರೆ ಅಲ್ಯೂಮಿನಿಯಂನ ಮೇಲ್ಪದರವನ್ನೇ ಕಿತ್ತಿರುತ್ತವೆ. ನೊರೆಯುಕ್ಕಿಸಿ ಐದೇ ನಿಮಿಷದಲ್ಲಿ ಮುಗಿಸುವ ಸರ್ವೀಸಿನವರನ್ನು ಯಾವ ಕೆಮಿಕಲ್ ಎಂದು ಕೇಳಿ, ಡಬ್ಬಿ ನೋಡಿ. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ಕಾಯಿಲ್ ಕ್ಲೀನರ್ ಆದರೆ ಸರಿ.

4. ಈಗ ಬ್ಲೋವರ್. ಕೈಯಿಂದ ನಿಧಾನ ತಿರುಗಿಸುತ್ತ ಒಂದೊಂದೇ ಎಲೆಯನ್ನು ಟೂತ್‌ಬ್ರಷ್‌ನಿಂದ ಉಜ್ಜಿ, ಸ್ಪ್ರೇ ಮಾಡಿ. ಇದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಅವಸರ ಮಾಡಬೇಡಿ. ಅರ್ಧ ಭಾಗ ಶುಚಿಯಾಗಿ ಅರ್ಧ ಭಾಗ ಕೊಳೆ ಉಳಿದರೆ ತೂಕ ಏರುಪೇರಾಗಿ ತಿರುಗುವಾಗ ದಡದಡ ಸದ್ದು ಬರುತ್ತದೆ, ಬೇರಿಂಗ್ ಸವೆಯುತ್ತದೆ.

5. ಬರೀ ನೀರಿನಿಂದ ತೊಳೆಯಿರಿ. ಬಕೆಟ್‌ಗೆ ಬೀಳುವ ನೀರು ತಿಳಿಯಾಗುವವರೆಗೂ ನಿಲ್ಲಿಸಬಾರದು, ಸಾಮಾನ್ಯವಾಗಿ 8–10 ಲೀಟರ್ ಬೇಕಾಗುತ್ತದೆ. ಸೋಪು ಉಳಿದರೆ ಧೂಳು ಇನ್ನೂ ಬೇಗ ಅಂಟುತ್ತದೆ.

6. ಪ್ಲಾಸ್ಟಿಕ್ ಬಿಚ್ಚಿ, ಬೋರ್ಡಿನ ಬಳಿ ಒಂದು ಹನಿಯೂ ಇಲ್ಲವೆಂದು ಟಾರ್ಚ್ ಹಿಡಿದು ನೋಡಿ, ಕಿಟಕಿ ತೆರೆದಿಟ್ಟು 3–4 ಗಂಟೆ ಆರಲು ಬಿಡಿ. ತೊಳೆದ ಕೂಡಲೇ ಕೂಲ್ ಮೋಡ್‌ನಲ್ಲಿ ಹಾಕಿ ಬೋರ್ಡ್ ಸುಟ್ಟುಕೊಳ್ಳುವುದು ಪ್ರತಿ ವರ್ಷ ಕಾಣುವ ನಷ್ಟ.

ಎಸಿ ಇರುವ ರೂಮಿನಲ್ಲಿ ಹೊಸದಾಗಿ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಿದ್ದರೆ, ಪೇಂಟ್ ಹೊಡೆಸಿದ್ದರೆ ಕೆಲವು ವಾರ ಕಿಟಕಿ ತೆರೆದು ವಾಸನೆ ಹೋಗುವವರೆಗೆ ಎಸಿ ಹಾಕಬೇಡಿ. ಅವುಗಳಿಂದ ಬರುವ ಆಮ್ಲದ ಆವಿ ತೇವದ ಜೊತೆ ಸೇರಿ ತಾಮ್ರದ ಕೊಳವೆಯನ್ನು ಇರುವೆಗೂಡಿನಂತೆ ಒಳಗೊಳಗೇ ಕೊರೆಯುತ್ತದೆ. ಎರಡೇ ವರ್ಷದ ಕಾಯಿಲ್ ಕಣ್ಣಿಗೆ ಕಾಣದ ತೂತುಗಳಿಂದ ಸೋರುವುದಕ್ಕೆ ಇದೂ ಒಂದು ಕಾರಣ.

ಹಂತ 5: ನೀರು ಹೋಗುವ ಪೈಪು

ಮೇ ತಿಂಗಳ ಸೆಖೆಯಲ್ಲಿ 1.5 ಟನ್ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸಬಹುದು. ಅಷ್ಟೂ ಬೆರಳು ಗಾತ್ರದ ಒಂದು ಪೈಪಿನಲ್ಲೇ ಹೋಗಬೇಕು.

1. ಒಳಗಿನ ಟ್ರೇಗೆ ಒಂದು ಲೀಟರ್ ನೀರು ನಿಧಾನ ಸುರಿಯಿರಿ. ಹೊರಗೆ ಸಲೀಸಾಗಿ ಬಂದರೆ ಸರಿ. ಗೊಳಗೊಳ ಎಂದು ತಡೆದು ಬಂದರೆ ಅರ್ಧ ಕಟ್ಟಿದೆ, ಟ್ರೇಯಲ್ಲೇ ಏರಿದರೆ ಪೂರ್ತಿ ಕಟ್ಟಿದೆ.

2. ಮೊದಲು ಪೈಪಿನ ಹೊರಗಿನ ಬಾಯಿ ನೋಡಿ. ಕುಂಬಾರ ಹುಳಕ್ಕೆ ಈ ತೂತು ಬಲು ಪ್ರೀತಿ. ಮಳೆ ನಿಂತ ಮೇಲೆ ಹಸಿಮಣ್ಣು ತಂದು ಮುಚ್ಚಿಬಿಡುತ್ತದೆ. ಕಡ್ಡಿಯಿಂದ ಒಳಕ್ಕೆ ನೂಕಬೇಡಿ, ಹೊರಕ್ಕೆ ಕೆದರಿ ತೆಗೆಯಿರಿ.

3. ಒಳಗಿನ ಲೋಳೆಗೆ ವ್ಯಾಕ್ಯೂಮ್ ಕ್ಲೀನರನ್ನು ಹೊರಗಿನ ಬಾಯಿಗೆ ಹಿಡಿದು ಎಳೆಯಿರಿ, ನೀರು ಎಳೆಯುವ ಮಾದರಿಯೇ ಆಗಬೇಕು. ಹೊರಗಿನಿಂದ ಜೋರಾಗಿ ಗಾಳಿ ಊದಿದರೆ ಲೋಳೆ ಟ್ರೇಗೆ ವಾಪಸಾಗುತ್ತದೆ, ಎಷ್ಟೋ ಸಲ ಒಳಗಿನ ಜಾಯಿಂಟೇ ಕಳಚಿ ನೀರು ಗೋಡೆಯೊಳಗೆ ಇಳಿಯುತ್ತದೆ.

4. ಪೈಪು ಉದ್ದಕ್ಕೂ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರಿರಲಿ. ನಡುವೆ ಎಲ್ಲೂ ಜೋತುಬಿದ್ದು ಮತ್ತೆ ಏರಬಾರದು. ತುದಿ ಚರಂಡಿಯ ಅಥವಾ ಬಕೆಟಿನ ನೀರಿನಲ್ಲಿ ಮುಳುಗಬಾರದು, ಮುಳುಗಿದರೆ ಗಾಳಿ ಸಿಕ್ಕಿಕೊಂಡು ನೀರು ಹಿಂದಕ್ಕೆ ಒತ್ತುತ್ತದೆ. ಬಾಯಿಗೆ ಅಗಲ ಕಣ್ಣಿನ ಜಾಲರಿ ಕಟ್ಟಿ. ಸೊಳ್ಳೆಪರದೆಯ ಸಣ್ಣ ಕಣ್ಣು ಲೋಳೆಗೆ ತಾನೇ ಕಟ್ಟಿಕೊಳ್ಳುತ್ತದೆ.

ಹಂತ 6: ಓಡಿಸಿ ಪರೀಕ್ಷಿಸುವುದು

ನಮ್ಮ ಊರುಗಳಲ್ಲಿ ಅತಿ ಹೆಚ್ಚು ಎಡವುವುದು ಈ ಹಂತದಲ್ಲಿ. ಫೆಬ್ರವರಿಯ ಬೆಳಗ್ಗೆ 10 ಗಂಟೆಗೆ ಚಿಕ್ಕಮಗಳೂರಿನ ರೂಮು ತಾನಾಗಿಯೇ ತಂಪಾಗಿರುತ್ತದೆ. ಆಗ ಎಸಿ ಹಾಕಿದರೆ ಇನ್ವರ್ಟರ್ ಕಂಪ್ರೆಸರ್ ತೆವಳುವಷ್ಟು ನಿಧಾನ ಓಡುತ್ತದೆ ಇಲ್ಲವೇ ನಿಂತೇಬಿಡುತ್ತದೆ. ಯಂತ್ರ ಸರಿಯಾಗಿಯೇ ಇರುತ್ತದೆ. ಅದನ್ನು ನೋಡಿ ಗ್ಯಾಸ್ ಕಡಿಮೆಯೆಂದು ಹೇಳುವುದು ಅಳತೆಯ ತಪ್ಪು. ಪರೀಕ್ಷೆ ಮಾಡುವುದು ಮಧ್ಯಾಹ್ನ 2ರಿಂದ 4ರ ಒಳಗೆ, ರೂಮು 27 ಡಿಗ್ರಿ ದಾಟಿದಾಗ.

1. ಮೊದಲು ಫ್ಯಾನ್ ಮೋಡ್‌ನಲ್ಲಿ ಒಂದು ಗಂಟೆ. ಸದ್ದು, ಅದುರು, ವಾಸನೆ ಗಮನಿಸಿ.

2. ಆಮೇಲೆ ಕೂಲ್ ಮೋಡ್, 18 ಡಿಗ್ರಿ, ಫ್ಯಾನ್ ಜೋರು, ಬಾಗಿಲು ಕಿಟಕಿ ಮುಚ್ಚಿ. ಹೊರಗಿನ ಯೂನಿಟ್ ಶುರುವಾಗಲು ಸುಮಾರು 3 ನಿಮಿಷ ಹಿಡಿಯುವುದು ಸಹಜ.

3. 20 ನಿಮಿಷ ಕಳೆದ ಮೇಲೆ ಥರ್ಮಾಮೀಟರನ್ನು ಗಾಳಿ ಒಳಹೋಗುವ ಮೇಲ್ಭಾಗದಲ್ಲೊಮ್ಮೆ, ತಣ್ಣನೆ ಗಾಳಿ ಬರುವ ಸೀಳಿನಲ್ಲೊಮ್ಮೆ ಹಿಡಿಯಿರಿ. ಎರಡರ ನಡುವೆ 8ರಿಂದ 12 ಡಿಗ್ರಿ ಅಂತರವಿದ್ದರೆ ಗ್ಯಾಸಿನ ಮಾತೇ ಬೇಡ. ಮಳೆ ಬಂದು ಗಾಳಿ ತೇವವಾದ ದಿನ ಅಂತರ ಸ್ವಲ್ಪ ಕಡಿಮೆ ಬಂದೀತು, ಏಕೆಂದರೆ ಶಕ್ತಿಯ ಒಂದು ಪಾಲು ನೀರು ಇಳಿಸಲು ಹೋಗುತ್ತದೆ.

4. ಒಂದು ಗಂಟೆ ಓಡಿಸಿ ಹೊರಗೆ ನೀರು ಬೀಳುತ್ತಿದೆಯೇ, ಒಳಗೆ ಎಲ್ಲಿಯಾದರೂ ತೊಟ್ಟಿಕ್ಕುತ್ತಿದೆಯೇ ನೋಡಿ. ಪ್ಲಗ್ ಅಥವಾ ಎಂಸಿಬಿ ಮುಟ್ಟಿದರೆ ಬೆಚ್ಚಗಿರಬಹುದು, ಕೈ ಸುಡಬಾರದು.

ಹಂತ 7: ಅಂತರ ಕಡಿಮೆ ಬಂದರೆ ಮಾತ್ರ ಗ್ಯಾಸ್

ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದರೆ ಅದೇ ಸೋರಿಕೆಯನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸಿದ ಹಾಗೆ.

ಮೆಕ್ಯಾನಿಕ್ ಬರುವ ಮೊದಲು ನೀವೇ ನೋಡಬಹುದಾದ ಗುರುತುಗಳಿವೆ. ಹೊರಗಿನ ಯೂನಿಟ್‌ನ ಹಿತ್ತಾಳೆ ನಟ್‌ಗಳ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಅಂಟಿರುವುದು, ತೆಳು ಪೈಪಿನ ಮೇಲೆ ಹಿಮ ಕಟ್ಟುವುದು, ಒಳಗಿನ ಕಾಯಿಲ್‌ನ ಒಂದು ಭಾಗ ಮಾತ್ರ ಒದ್ದೆಯಾಗಿ ಉಳಿದದ್ದು ಒಣಗಿರುವುದು. ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ಅನುಮಾನವೇ ಇಲ್ಲ.

ಸರಿಯಾದ ಕೆಲಸದ ಕ್ರಮ ಹೀಗಿರಬೇಕು, ಪಕ್ಕದಲ್ಲಿ ನಿಂತು ನೋಡಿ:

1. ಉಳಿದ ಗ್ಯಾಸ್ ತೆಗೆದು ಒಣ ನೈಟ್ರೋಜನ್ ತುಂಬಿ ಅರ್ಧ ಗಂಟೆಯಾದರೂ ಬಿಟ್ಟು ಒತ್ತಡದ ಗೇಜಿನ ಮುಳ್ಳು ಇಳಿಯುತ್ತದೆಯೇ ನೋಡುವುದು. ಆಕ್ಸಿಜನ್ ಸಿಲಿಂಡರ್ ತಂದರೆ ಬಾಗಿಲಲ್ಲೇ ವಾಪಸು ಕಳಿಸಿ. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸಿಡಿಯುತ್ತದೆ.

2. ಸೋರುವ ಜಾಗ ಸರಿಮಾಡುವುದು. ನಟ್ ಸಡಿಲವಾಗಿದ್ದರೆ ಸಿಕ್ಕಾಪಟ್ಟೆ ಬಿಗಿಯುವುದಲ್ಲ. ಪೈಪಿನ ತುದಿ ಕತ್ತರಿಸಿ ಹೊಸ ಫ್ಲೇರ್ (ತುದಿಗೆ ಅಗಲ ಬಾಯಿ) ಮಾಡಿ, ಟಾರ್ಕ್ ಸ್ಪ್ಯಾನರ್ ಹಾಕುವುದು. ಕಾಲಿಂಚಿನ ನಟ್‌ಗೆ 14–18 ನ್ಯೂಟನ್ ಮೀಟರ್ ಸಾಕು.

3. ಕೊಳವೆಯೊಳಗಿನ ಗಾಳಿ, ತೇವ ಎಳೆದು ತೆಗೆಯಲು ವ್ಯಾಕ್ಯೂಮ್ ಪಂಪ್ 20–30 ನಿಮಿಷ ಓಡಿಸುವುದು. ನಮ್ಮ ಎತ್ತರದ ಲೆಕ್ಕ ಇಲ್ಲಿ ಬರುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್, ಚಿಕ್ಕಮಗಳೂರು 1,000 ಮೀಟರಿಗೂ ಮೇಲೆ. ಇಲ್ಲಿ ವಾತಾವರಣದ ಒತ್ತಡವೇ ಶೇ 10ರಷ್ಟು ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ 30 ಇಂಚಿನ (ಪಾದರಸದ ಅಳತೆ) ಹತ್ತಿರ ಹೋಗುವ ಗೇಜಿನ ಮುಳ್ಳು ಇಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ 26–27 ಇಂಚಿನಲ್ಲೇ ನಿಲ್ಲುತ್ತದೆ. ಪಂಪ್ ಕೆಟ್ಟಿದೆ ಎಂದು ಇದನ್ನು ಅರ್ಥಮಾಡಿಕೊಂಡು ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500ಕ್ಕಿಂತ ಕೆಳಗಿಳಿಯಬೇಕು. ಪಂಪ್ ನಿಲ್ಲಿಸಿ 10 ನಿಮಿಷ ಬಿಟ್ಟಾಗ ಬಹಳ ಏರಬಾರದು. ಪಂಪ್ ತಂದಿಲ್ಲ, ಗ್ಯಾಸ್ ಬಿಟ್ಟೇ ಗಾಳಿ ಹೊರದೂಡುತ್ತೇನೆ ಎಂದರೆ ಒಪ್ಪಬೇಡಿ. ಒಳಗುಳಿದ ತೇವ ಎಣ್ಣೆಯನ್ನು ಆಮ್ಲವಾಗಿಸಿ ಕಂಪ್ರೆಸರನ್ನೇ ಕೊಲ್ಲುತ್ತದೆ.

4. ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು, ಯೂನಿಟ್‌ನ ಪಕ್ಕದ ಚೀಟಿಯಲ್ಲಿರುವಷ್ಟೇ ಗ್ರಾಂ ತುಂಬುವುದು. ಇನ್ವರ್ಟರ್ ಎಸಿಯಲ್ಲಿ ಬರೀ ಪ್ರೆಶರ್ ನೋಡಿ ತುಂಬುವುದು ಅಂದಾಜಿನ ಕೆಲಸ, ಕಂಪ್ರೆಸರ್ ವೇಗ ಬದಲಾದಂತೆ ಮುಳ್ಳೂ ಬದಲಾಗುತ್ತದೆ.

ಎಸಿಯಲ್ಲಿ ಬಳಸುವ ಗ್ಯಾಸ್‌ಗಳಲ್ಲಿ ಆರ್-32 ಸೌಮ್ಯವಾಗಿ ಹೊತ್ತಿಕೊಳ್ಳುವಂಥದ್ದು, ಆರ್-290 ಎಂದರೆ ಪ್ರೊಪೇನ್, ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ, ದೀಪ, ಊದಿನಕಡ್ಡಿ, ಬೀಡಿ ಹತ್ತಿರ ಬೇಡ. ಆರ್-32 ಯಂತ್ರಕ್ಕೆ ಬೇರೆ ಗ್ಯಾಸ್ ಬೆರೆಸಲು ಬಿಡಬೇಡಿ. ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಎಲ್ಲಿ ಸೋರುತ್ತಿತ್ತು ಎಂಬ ಮೂರನ್ನೂ ಬರೆಸಿಕೊಳ್ಳಿ.

ತಕ್ಷಣ ಎಂಸಿಬಿ ಇಳಿಸಬೇಕಾದ ಲಕ್ಷಣಗಳು

ಬಾಡಿ ಮುಟ್ಟಿದಾಗ ಜುಮ್ಮೆನ್ನುವುದು. ಸುಟ್ಟ ಪ್ಲಾಸ್ಟಿಕ್ ಅಥವಾ ಮೀನಿನಂಥ ವಾಸನೆ. ಎಂಸಿಬಿ ಎರಡನೇ ಸಲ ಬೀಳುವುದು; ಅದನ್ನು ಮತ್ತೆ ಮತ್ತೆ ಏರಿಸಬೇಡಿ, ದೊಡ್ಡ ಎಂಸಿಬಿ ಹಾಕಿಸಿ ಬಾಯಿ ಮುಚ್ಚಿಸಬೇಡಿ, ಆಗ ಸುಡುವುದು ಗೋಡೆಯೊಳಗಿನ ವೈರು. ಒಳಗಿನ ಯೂನಿಟ್‌ನಿಂದ ನಿಲ್ಲದ ಬುಸ್ ಸದ್ದು ಬಂದರೆ ಗ್ಯಾಸ್ ಸೋರಿಕೆಯಿರಬಹುದು. ಆಗ ಬೆಂಕಿ ಕಡ್ಡಿ ಗೀರದೆ ಕಿಟಕಿ ತೆರೆದು ಎಲ್ಲರೂ ಹೊರಬನ್ನಿ.

ಕಾಯಿಲ್ ಮೇಲೆ ಹಿಮ ಕಟ್ಟಿದರೆ ಕೂಲ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಕರಗಿಸಿ. ಚಾಕುವಿನಿಂದ ಕೆರೆದರೆ ಕಾಯಿಲ್ ತೂತಾಗುತ್ತದೆ. ಕರಗಿದ ಮೇಲೆ ಮೊದಲು ನೋಡಬೇಕಾದ್ದು ಫಿಲ್ಟರ್.

ಬಳಸುವ ತಿಂಗಳುಗಳಲ್ಲಿ

ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳಿಗೆ 2020ರ ಜನವರಿಯಿಂದ 24 ಡಿಗ್ರಿಯನ್ನೇ ಆರಂಭದ ಸೆಟ್ಟಿಂಗ್ ಆಗಿ ಕಡ್ಡಾಯ ಮಾಡಲಾಗಿದೆ. ನಮ್ಮ ಹವೆಗೆ 25–26 ಇಟ್ಟು ಸೀಲಿಂಗ್ ಫ್ಯಾನ್ ನಿಧಾನ ಹಾಕಿದರೆ ಧಾರಾಳ. ಕಡೂರು, ಅರಸೀಕೆರೆಯ ಬಯಲು ಭಾಗದಲ್ಲಿ ಸಂಜೆಯೂ ಗೋಡೆ ಕಾದಿರುವುದರಿಂದ ಹೆಚ್ಚು ಹೊತ್ತು ಬೇಕಾಗುತ್ತದೆ. ಮಲೆನಾಡ ಅಂಚಿನ ಊರುಗಳಲ್ಲಿ ರಾತ್ರಿ 1 ಗಂಟೆಗೆ ಟೈಮರ್ ಇಟ್ಟು ಆಫ್ ಮಾಡಿ ಕಿಟಕಿ ತೆರೆದರೆ ಬೆಳಗಿನವರೆಗೆ ಹೊರಗಿನ ತಂಪೇ ಸಾಕು. ಮಳೆ ಬಂದು ಸೆಖೆ ಹಿಡಿದ ದಿನ ಕೂಲ್‌ಗಿಂತ ಡ್ರೈ ಮೋಡ್ ಹಿತ.

ಗುಡುಗು ಕೇಳಿಸಿದರೆ ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕಿತ್ತಿಡಿ. ಸಿಡಿಲು ತೀರಾ ಹತ್ತಿರ ಬಂದ ಮೇಲೆ ಬೋರ್ಡಿನ ಬಳಿ ಹೋಗಬೇಡಿ. ಹೋದ ಕರೆಂಟು ಬಂದ ಕೂಡಲೇ ಹಾಕದೆ 5 ನಿಮಿಷ ಕಾಯಿರಿ, ಮೊದಲ ಕ್ಷಣಗಳಲ್ಲಿ ವೋಲ್ಟೇಜ್ ನೆಗೆದಾಡುತ್ತದೆ.

ಹಂತ 8: ಜೂನ್‌ನಲ್ಲಿ ಮುಚ್ಚುವುದು

ಈ ಹಂತ ಮಾಡಿದವರಿಗೆ ಮುಂದಿನ ಫೆಬ್ರವರಿಯ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ, ಆದರೂ ಮಾಡುವವರು ಕಡಿಮೆ.

1. ಮುಂಗಾರು ಹಿಡಿಯುವ ಮೊದಲು, ಬಿಸಿಲಿರುವ ಒಂದು ದಿನ, ಕಿಟಕಿ ತೆರೆದು ಫ್ಯಾನ್ ಮೋಡ್‌ನಲ್ಲಿ 2–3 ಗಂಟೆ ಓಡಿಸಿ ಕಾಯಿಲ್ ಪೂರ್ತಿ ಒಣಗಿಸಿ.

2. ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ರಿಮೋಟ್‌ನ ಬ್ಯಾಟರಿ ತೆಗೆದಿಡಿ, ಮಳೆಗಾಲದಲ್ಲಿ ಅವು ಸೋರಿ ಸ್ಪ್ರಿಂಗ್ ತಿನ್ನುತ್ತವೆ. ಎಂಸಿಬಿ ಇಳಿಸಿ.

3. ಹೊರಗಿನ ಯೂನಿಟ್‌ಗೆ ತಲೆಯ ಮೇಲೆ ಮಾತ್ರ ಸಣ್ಣ ತಗಡು ಅಥವಾ ಮರೆ. ಟಾರ್ಪಾಲಿನಿಂದ ಬುಡದವರೆಗೆ ಸುತ್ತಿ ಕಟ್ಟುವುದು ಮಲೆನಾಡಿನಲ್ಲಿ ಎಲ್ಲರೂ ಮಾಡುವ ತಪ್ಪು: ಒಳಗಿನ ತೇವಕ್ಕೆ ಹೊರದಾರಿಯಿಲ್ಲ, ಇಲಿಗೆ ಬೆಚ್ಚನೆ ಮನೆ. ಯಂತ್ರವನ್ನು ಮಳೆ ತಡೆಯುವಂತೆಯೇ ಕಟ್ಟಿರುತ್ತಾರೆ.

4. ಜುಲೈನಿಂದ ಜನವರಿವರೆಗೆ ತಿಂಗಳಿಗೊಮ್ಮೆ, ಮಳೆ ಬಿಟ್ಟ ಮಧ್ಯಾಹ್ನ, ಟಾರ್ಚ್ ಹಿಡಿದು ಹೊರಗಿನ ಯೂನಿಟ್ ಒಳಗೆ ಗೂಡಿಲ್ಲವೆಂದು ನೋಡಿ, ಎಂಸಿಬಿ ಏರಿಸಿ 10 ನಿಮಿಷ ಕೂಲ್, ಆಮೇಲೆ 45 ನಿಮಿಷ ಫ್ಯಾನ್ ಓಡಿಸಿ. ಕಂಪ್ರೆಸರಿನ ಎಣ್ಣೆ ಸುತ್ತುತ್ತದೆ, ಬೋರ್ಡು ಬೆಚ್ಚಗಾಗಿ ತೇವ ಆರುತ್ತದೆ, ಗೂಡು ಕಟ್ಟಲು ಬಂದ ಇರುವೆಗಳು ಜಾಗ ಬಿಡುತ್ತವೆ. ಹೊರಗೆ 18 ಡಿಗ್ರಿಗಿಂತ ತಣ್ಣಗಿರುವ ದಿನ ಕೂಲ್ ಬಿಟ್ಟು ಫ್ಯಾನ್ ಮಾತ್ರ ಹಾಕಿ, ಮುಗಿದ ಮೇಲೆ ಎಂಸಿಬಿ ಮತ್ತೆ ಇಳಿಸಿ.